ದಿಲ್ಲಿಯಲ್ಲಿ ಬಿಸಿಲು ಬಂದ ದಿನ

"ಅಮ್ಮಾ, ಬಿಸಿಲು ಬಂತೂ!"

ಬಾಲ್ಕನಿಯಿಂದ ನಮ್ಮ ಪುಟ್ಟಿ ಹೀಗೆ ಕೂಗಿದಳೆಂದರೆ ಮನೆಯಲ್ಲಿ ಹಬ್ಬ ಬಂದ ಹಾಗೆ. ಕುಕ್ಕರ್ ನಾಲ್ಕು ಸಲ ಕೂಗಿದರೂ ತಲೆ ಎತ್ತದ ನಮ್ಮವರು ಪೇಪರ್ ಮಡಿಸಿಟ್ಟು ಏಳುತ್ತಾರೆ. ಅತ್ತೆಯವರು ರಜಾಯಿಯಿಂದ ಮುಖ ಹೊರಗೆ ಹಾಕಿ, "ನಿಜವಾದ ಬಿಸಿಲೋ, ಬರೀ ಬೆಳಕೋ ನೋಡಮ್ಮ" ಎಂದು ಕೇಳುತ್ತಾರೆ. ನಾನು ಫ್ಲಾಸ್ಕು ಹುಡುಕತೊಡಗುತ್ತೇನೆ.

ನಗಬೇಡಿ. ನಮ್ಮೂರಿನಲ್ಲಿ ಬಿಸಿಲಿಗೆ ಯಾರು ಲೆಕ್ಕ ಇಡುತ್ತಾರೆ ಹೇಳಿ? ನಾನು ಮದ್ದೂರಿನ ಕಡೆಯವಳು. ಬಿಸಿಲೆಂದರೆ ಹಪ್ಪಳ ಸಂಡಿಗೆ ಒಣಗಿಸುವುದಕ್ಕೆ ಮಾತ್ರ ಎಂದು ತಿಳಿದು ಬೆಳೆದವಳು. "ಬಿಸಿಲಿಗೆ ಹೋಗಬೇಡ್ವೇ, ಕಪ್ಪಗಾಗ್ತೀಯ" ಎಂದು ಅಮ್ಮನಿಂದ ದಿನಾ ಬೈಸಿಕೊಂಡವಳು. ಅಂಥ ನಾನು ಈಗ ಡಿಸೆಂಬರ್, ಜನವರಿಯಲ್ಲಿ ನನ್ನ ಮಕ್ಕಳಿಗೆ, "ಹೋಗ್ರೋ, ಬಿಸಿಲಲ್ಲಿ ಕೂತ್ಕೊಳ್ರೋ" ಎಂದು ಗದರಿಸುತ್ತೇನೆ. ಕಾಲ ಬಂದಂತೆ ಕೋಲ ಎನ್ನುವುದು ಇದಕ್ಕೇ ಇರಬೇಕು.

ನಮ್ಮವರದು ಕೇಂದ್ರ ಸರ್ಕಾರದ ಕೆಲಸ. ಹನ್ನೊಂದು ವರ್ಷದ ಹಿಂದೆ ದಿಲ್ಲಿಗೆ ಬಂದೆವು. ರಾಮಕೃಷ್ಣಪುರದ ಕ್ವಾರ್ಟರ್ಸಿನಲ್ಲಿ ಎರಡನೇ ಮಹಡಿಯ ಮನೆ. ನಾವಿಬ್ಬರು, ಮಗ, ಮಗಳು ಮತ್ತು ನಮ್ಮ ಅತ್ತೆ. ಎಸ್.ಎಸ್.ಎಲ್.ಸಿ.ವರೆಗೆ ಓದಿದ ನನಗೆ ಹಿಂದಿ ಬರುತ್ತಿದ್ದುದು ಅಷ್ಟರಲ್ಲೇ. ತರಕಾರಿಯವನ ಹತ್ತಿರ ಬೆರಳು ಮಡಿಸಿ ವ್ಯಾಪಾರ ಮಾಡುತ್ತಿದ್ದೆ. ಚಳಿಯ ಬಗ್ಗೆ ಎಲ್ಲರೂ ಹೆದರಿಸಿದ್ದರು. ಜನವರಿಯ ಮೊದಲ ವಾರದಲ್ಲಿ ಮುಂಜಾನೆ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ, ಮಂಜಿನಲ್ಲಿ ಎದುರು ಮನೆ ಕಾಣುವುದಿಲ್ಲ, ನಲ್ಲಿ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ಅದೆಲ್ಲ ನಿಜವೇ. ಆದರೆ ಚಳಿಗೆ ಸ್ವೆಟರ್ ಇದೆ. ಗಾಳಿಗೆ ಏನಿದೆ? ಅದನ್ನು ಯಾರೂ ಹೇಳಿರಲಿಲ್ಲ.

2022ರ ನವೆಂಬರ್. ದಿಲ್ಲಿಯ ಗಾಳಿ ಕೆಟ್ಟು, ಪ್ರಾಥಮಿಕ ಶಾಲೆಗಳನ್ನು ಕೆಲವು ದಿನ ಮುಚ್ಚಿದ್ದರು. ಪುಟ್ಟಿಗೆ ಆಗ ಐದು ವರ್ಷ. ಶಾಲೆ ಇಲ್ಲವೆಂದು ಸಂಜೆ ಕೆಳಗೆ ಆಡಲು ಬಿಟ್ಟೆ. ಅದೇ ನಾನು ಮಾಡಿದ ತಪ್ಪು. ರಾತ್ರಿ ಎರಡು ಗಂಟೆಗೆ ಮಗು ಎದ್ದು ಕುಳಿತಿತು. ಎದೆಯೊಳಗೆ ಯಾರೋ ಸೀಟಿ ಊದಿದ ಹಾಗೆ ಸದ್ದು. ಕುತ್ತಿಗೆಯ ಹಳ್ಳ ಒಳಕ್ಕೆ ಎಳೆಯುತ್ತಿತ್ತು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಮೂಗಿಗೆ ಮುಖವಾಡ ಹಾಕಿ ಔಷಧದ ಹೊಗೆ ಕೊಟ್ಟರು. ಅಲ್ಲಿ ಅದೇ ರೀತಿ ಮುಖವಾಡ ಹಾಕಿಕೊಂಡ ಇನ್ನೂ ಆರು ಮಕ್ಕಳಿದ್ದರು. ಒಂದು ಮಗುವಿನ ತಾಯಿ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಭಾಷೆ ಬೇರೆಯಾದರೂ ಅದನ್ನು ಮಾತಾಡಿ ತಿಳಿಸಬೇಕಾಗಿರಲಿಲ್ಲ.

ಆ ಮೇಲೆ ನಾನು ಮಾಡಿದ್ದು ಎರಡನೇ ತಪ್ಪು. ಆ ಚಳಿಗಾಲವಿಡೀ ಮಗುವನ್ನು ಮನೆಯಲ್ಲಿ ಮುಚ್ಚಿಟ್ಟೆ. ಕಿಟಕಿಯ ಸಂದುಗಳಿಗೆ ಹಳೆಯ ಸೀರೆಯ ತುಂಡು ತುರುಕಿದೆ. ಬಾಲ್ಕನಿಗೆ ಚಿಲಕ ಹಾಕಿದೆ. ಶಾಲೆಗೆ ಹೋಗಿ ಬಂದರೆ ಸರಿ, ಮತ್ತೆ ಹೊರಗೆ ಕಾಲಿಡುವ ಹಾಗಿಲ್ಲ. ಶಾಲೆಗಳಿಗೆ ಜನವರಿಯ ಚಳಿಗಾಲದ ರಜೆ ಬಂತು. ಮಗ ಟಿ.ವಿ.ಗೆ ಅಂಟಿಕೊಂಡ. ಪುಟ್ಟಿ ಕಿಟಕಿಗೆ ಅಂಟಿಕೊಂಡಳು.

ಒಂದು ಮಧ್ಯಾಹ್ನ ಬಟಾಣಿ ಬಿಡಿಸುತ್ತ ಕುಳಿತಿದ್ದೆ. ಹೊರಗೆ ಒಳ್ಳೆಯ ಬಿಸಿಲಿತ್ತು. ಎದುರು ಮನೆಯ ಪಂಜಾಬಿ ಅಜ್ಜಿ ಮಂಚವನ್ನೇ ಹುಲ್ಲಿನ ಮೇಲೆ ಹಾಕಿಸಿಕೊಂಡು ಸ್ವೆಟರ್ ಹೆಣೆಯುತ್ತಿದ್ದರು. ಮಕ್ಕಳು ಕಿತ್ತಳೆ ಸುಲಿಯುತ್ತ ಕುಳಿತಿದ್ದರು. ಪುಟ್ಟಿ ಅದನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬಂದು ನನ್ನ ತೊಡೆಯ ಮೇಲೆ ಕೈಯಿಟ್ಟು, "ಅಮ್ಮ, ನಾನು ಹೊರಗೆ ಹೋದ್ರೆ ಸತ್ತು ಹೋಗ್ತೀನಾ?" ಎಂದಳು.

ನನ್ನ ಕೈಯಲ್ಲಿದ್ದ ಬಟಾಣಿ ಕೆಳಗೆ ಬಿತ್ತು. ಅತ್ತೆಯವರು ಸರಸರನೆ ಎದ್ದು ಬಂದು ಮಗುವನ್ನು ಎತ್ತಿಕೊಂಡರು. ನನಗೆ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಮಾರನೆಯ ದಿನವೇ ಡಾಕ್ಟರ ಹತ್ತಿರ ಹೋದೆ. ವಯಸ್ಸಾದ ಹೆಂಗಸು, ಸಮಾಧಾನವಾಗಿ ಮಾತಾಡುವವರು. ಎಲ್ಲ ಕೇಳಿ, ನಮ್ಮವರ ಮೂಲಕ ನನಗೆ ತಿಳಿಯುವ ಹಾಗೆ ಹೇಳಿದರು. "ಮಗುವಿಗೆ ಉಬ್ಬಸ ಇದೆ, ಔಷಧ ಇದೆ. ಜೊತೆಗೆ ಭಯವನ್ನೂ ಕೊಡಬೇಡಿ. ಯಾವ ದಿನ ಹೋಗಬಾರದು ಎನ್ನುವುದನ್ನು ಕಲಿತರೆ ಯಾವ ದಿನ ಹೋಗಬಹುದು ಎನ್ನುವುದೂ ಗೊತ್ತಾಗುತ್ತದೆ."

ಆ ಲೆಕ್ಕವನ್ನು ಈಗ ನಾನು ನಿದ್ದೆಯಲ್ಲೂ ಹೇಳಬಲ್ಲೆ. ದೊಡ್ಡ ಊರುಗಳಲ್ಲಿರುವ ಸೋದರಿಯರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಗಾಳಿಯ ಗುಣಕ್ಕೆ ಸರ್ಕಾರದವರು ಸೊನ್ನೆಯಿಂದ 500ರವರೆಗೆ ಅಂಕ ಕೊಡುತ್ತಾರೆ. ಪರೀಕ್ಷೆಯ ಅಂಕದಂತಲ್ಲ, ಇಲ್ಲಿ ಕಡಿಮೆಯಾದಷ್ಟೂ ಒಳ್ಳೆಯದು. 50ರವರೆಗೆ ಉತ್ತಮ, 100ರವರೆಗೆ ಪರವಾಗಿಲ್ಲ, 200ರವರೆಗೆ ಮಧ್ಯಮ. 200 ದಾಟಿದರೆ ಕೆಟ್ಟದ್ದು, 300 ದಾಟಿದರೆ ತೀರಾ ಕೆಟ್ಟದ್ದು, 400 ದಾಟಿದರೆ ಗಂಭೀರ. ಮೊಬೈಲಿನಲ್ಲಿ ದಿನವೂ ಸಿಗುತ್ತದೆ. ನಮ್ಮ ಪುಟ್ಟಿಗೆ ಡಾಕ್ಟರು ಹಾಕಿಕೊಟ್ಟ ಗೆರೆ 200. ಅದರೊಳಗಿದ್ದರೆ ವಿಹಾರ. ಸ್ವಲ್ಪ ಮೇಲಿದ್ದರೆ ಮನೆಯ ಕೆಳಗಿನ ಹುಲ್ಲಿನ ಮೇಲೆ ಅರ್ಧ ಗಂಟೆ, ಓಟವಿಲ್ಲ. 300 ದಾಟಿದರೆ ಮನೆಯೊಳಗೆ ಚೌಕಾಬಾರ. ಒಂದೊಂದು ಮಗುವಿನ ಮೈ ಒಂದೊಂದು ಥರ. ನಿಮ್ಮ ಮಗುವಿನ ಗೆರೆಯನ್ನು ನಿಮ್ಮ ಡಾಕ್ಟರೇ ಹಾಕಬೇಕು.

ಚಳಿಗಾಲದಲ್ಲೇ ಏಕೆ ಹೀಗೆ ಎಂದು ನನಗೂ ಆಶ್ಚರ್ಯವಾಗಿತ್ತು. ವಾಹನ, ಕಾರ್ಖಾನೆ, ಧೂಳು ವರ್ಷವಿಡೀ ಇರುವುದೇ. ಅಕ್ಟೋಬರ್, ನವೆಂಬರಿನಲ್ಲಿ ಪಂಜಾಬ್, ಹರಿಯಾಣದ ಗದ್ದೆಗಳಲ್ಲಿ ಭತ್ತದ ಕೂಳೆ ಸುಡುತ್ತಾರೆ, ಆ ಹೊಗೆಯೂ ಸೇರುತ್ತದೆ. ಬೇಸಿಗೆಯಲ್ಲಿ ನೆಲ ಕಾದು, ಗಾಳಿ ಮೇಲೇರಿ, ಹೊಗೆಯನ್ನು ಎತ್ತಿಕೊಂಡು ಹೋಗುತ್ತದೆ. ಚಳಿಗಾಲದಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೆ, ಭಾರವಾಗಿ ಕುಳಿತುಬಿಡುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ. ಪಾತ್ರೆಗೆ ತಟ್ಟೆ ಮುಚ್ಚಿದರೆ ಒಗ್ಗರಣೆಯ ಹೊಗೆ ಒಳಗೇ ಸುತ್ತುವುದಿಲ್ಲವೇ, ಹಾಗೆಯೇ. ಬಿಸಿಲೇರಿ ನೆಲ ಕಾದ ಮೇಲೆ ಮುಚ್ಚಳ ಸ್ವಲ್ಪ ಸರಿಯುತ್ತದೆ. ಆದ್ದರಿಂದ ನಾವು ಹೊರಡುವುದು ಹನ್ನೆರಡರ ಮೇಲೆ, ವಾಪಸಾಗುವುದು ನಾಲ್ಕರೊಳಗೆ. ಚಳಿಗಾಲದ ನಡುವೆ ಒಮ್ಮೊಮ್ಮೆ ಮಳೆ ಬಂದು, ಮಾರನೆಯ ದಿನ ಚಳಿಗಾಳಿ ಬೀಸಿ, ಆಕಾಶ ತೊಳೆದಿಟ್ಟಂತೆ ನೀಲಿಯಾಗುತ್ತದೆ. ಅದು ಬಂಗಾರದ ದಿನ. ಅಂದು ಪರೀಕ್ಷೆ ಇದ್ದರೂ ಸರಿ, ಮಧ್ಯಾಹ್ನ ನಾವು ಮನೆಯಲ್ಲಿರುವುದಿಲ್ಲ.

ಹಾಗೆ ನಾವು ಮೊದಲು ಹೋದದ್ದು, ಹತ್ತಿರವೆಂದು, ಚಾಣಕ್ಯಪುರಿಯ ರೈಲ್ವೆ ಮ್ಯೂಸಿಯಮ್ಮಿಗೆ. 1977ರಲ್ಲಿ ತೆರೆದದ್ದು. ಸೋಮವಾರ ರಜೆ. ವಿಶಾಲವಾದ ಬಯಲು, ಹಳೆಯ ಎಂಜಿನ್ನುಗಳು ಬಿಸಿಲು ಕಾಯಿಸಿಕೊಳ್ಳುವ ಎಮ್ಮೆಗಳ ಹಾಗೆ ನಿಂತಿವೆ. ಮಕ್ಕಳ ರೈಲು ಇದೆ. ಪಟಿಯಾಲದ ಒಂಟಿಕಂಬಿ ರೈಲು ನೋಡಿ ನಮ್ಮ ಮಗ ಕಣ್ಣರಳಿಸಿದ. 1907ರದಂತೆ. ಒಂದೇ ಕಂಬಿಯ ಮೇಲೆ ಓಡುವುದು, ಬೀಳದಂತೆ ಪಕ್ಕದಲ್ಲಿ ದೊಡ್ಡ ಚಕ್ರವೊಂದು ರಸ್ತೆಯ ಮೇಲೆ ಉರುಳುವುದು. "ನಾನು ಸೈಕಲ್ ಕಲಿಯುವಾಗ ಅಪ್ಪ ಪಕ್ಕದಲ್ಲಿ ಹಿಡ್ಕೊಂಡು ಓಡ್ತಿದ್ರಲ್ಲ, ಹಾಗೆ" ಎಂದಳು ಪುಟ್ಟಿ. ಅವಳ ಅಪ್ಪ ಮೀಸೆ ತಿರುವಿಕೊಂಡರು.

ಅಲ್ಲಿ ನಮಗೆ ಅನಿರೀಕ್ಷಿತವಾಗಿ ಸಿಕ್ಕಿದ್ದು ಮೈಸೂರು ಮಹಾರಾಜರ ಸಲೂನ್, 1899ರದು. ತೇಗದ ಕೆಲಸ, ಕಿಟಕಿಯಿಂದ ಇಣುಕಿದರೆ ಒಳಗಿನ ವೈಭವ ಕಾಣುತ್ತದೆ. ಆಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಇನ್ನೂ ಹದಿನೈದು ವರ್ಷ, ಅವರ ತಾಯಿ ವಾಣಿವಿಲಾಸ ಸನ್ನಿಧಾನದವರೇ ಮಗನ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದರು. ನಮ್ಮ ಅತ್ತೆ ಮೈಸೂರಿನವರು. ಚಪ್ಪಲಿ ಬಿಟ್ಟು ಆ ಗಾಡಿಗೆ ಕೈ ಮುಗಿದರು! "ನಮ್ಮೂರ ದೊರೆಗಳ ಗಾಡಿ ಇಲ್ಲಿ ಬಂದು ಚಳಿ ತಿಂತಾ ನಿಂತಿದೆಯಲ್ಲೇ. ನಮ್ಮ ಹಾಗೇ" ಎಂದರು. ಅಲ್ಲಿಂದ ಈಚೆಗೆ ಅತ್ತೆಯವರು ಯಾವ ವಿಹಾರಕ್ಕೂ "ನೀವು ಹೋಗಿ ಬನ್ನಿ" ಎಂದಿಲ್ಲ.

ಎರಡನೆಯದು ಪ್ರಾಣಿ ಸಂಗ್ರಹಾಲಯ. ಪುರಾನಾ ಕಿಲಾದ ಗೋಡೆಯ ಪಕ್ಕದಲ್ಲಿ 1959ರಲ್ಲಿ ಆರಂಭವಾದದ್ದು. ಶುಕ್ರವಾರ ಬಾಗಿಲು ಹಾಕಿರುತ್ತದೆ. ನಮ್ಮ ಮಗನಿಗೆ ಬಿಳಿ ಹುಲಿ ಬೇಕು, ನಮ್ಮವರಿಗೆ ಕುಳಿತುಕೊಳ್ಳಲು ಬೆಂಚು ಬೇಕು. ನಾನು ಮಾತ್ರ ಕೊಳದ ಹತ್ತಿರ ನಿಂತುಬಿಟ್ಟೆ. ನೀರಿನ ನಡುವಿನ ಮರಗಳ ತುಂಬ ದೊಡ್ಡ ದೊಡ್ಡ ಹಕ್ಕಿಗಳು. ಹಳದಿ ಕೊಕ್ಕು, ರೆಕ್ಕೆಯ ತುದಿಯಲ್ಲಿ ತಿಳಿಗುಲಾಬಿ ಬಣ್ಣ. ಅಯ್ಯೋ, ಇವು ನಮ್ಮ ಕೊಕ್ಕರೆ ಬೆಳ್ಳೂರಿನ ಬಣ್ಣದ ಕೊಕ್ಕರೆಗಳಲ್ಲವೇ!

ಕೊಕ್ಕರೆ ಬೆಳ್ಳೂರು ನಮ್ಮ ಮದ್ದೂರು ತಾಲ್ಲೂಕಿನ ಊರು. ಅಲ್ಲಿ ಹಕ್ಕಿಗಳು ಮನೆ ಮುಂದಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ, ಊರಿನವರು ಯಾರೂ ಓಡಿಸುವುದಿಲ್ಲ. ಹೆಣ್ಣುಮಗಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಎನ್ನುತ್ತಾರೆ. ದಿಲ್ಲಿಯ ಈ ಕೊಕ್ಕರೆಗಳನ್ನು ಯಾರೂ ಪಂಜರದಲ್ಲಿ ಇಟ್ಟಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ತಾವಾಗಿಯೇ ಬಂದು ಗೂಡು ಕಟ್ಟಿ, ಚಳಿಗಾಲದಲ್ಲಿ ಮರಿಗಳನ್ನು ದೊಡ್ಡದು ಮಾಡಿ ಹಾರಿಹೋಗುತ್ತವೆ. 1960ರಿಂದಲೂ ಬರುತ್ತಿವೆ. "ಇವುಗಳ ಮರಿಗೆ ಉಬ್ಬಸ ಬರಲ್ವಾ ಅಮ್ಮ?" ಎಂದು ಪುಟ್ಟಿ ಕೇಳಿದಳು. ಉತ್ತರ ನನಗೆಲ್ಲಿಂದ ಬರಬೇಕು? "ಅವೂ ಅವರಮ್ಮ ಹೇಳಿದ ದಿನ ಮಾತ್ರ ಹೊರಗೆ ಹೋಗ್ತಾವೇನೋ" ಎಂದೆ. (ಈ ಜಾಗಕ್ಕೆ ಹೊರಡುವ ಮೊದಲು ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಹಕ್ಕಿಜ್ವರ ಕಾಣಿಸಿದಾಗ ಮುಚ್ಚುವುದುಂಟು. 2025ರಲ್ಲಿ ಹಾಗೆ ಮುಚ್ಚಿದ್ದರು.)

ಬಿಸಿಲಿದ್ದರೆ ಮಾತ್ರ ಹೋಗಬೇಕಾದ ಜಾಗವೊಂದಿದೆ, ಜಂತರ್ ಮಂತರ್. ಮೆಟ್ರೋದಲ್ಲಿ ಪಟೇಲ್ ಚೌಕದಲ್ಲಿ ಇಳಿದು ನಡೆದರೆ ಸಾಕು. ಜಯಪುರದ ರಾಜ ಸವಾಯಿ ಜಯಸಿಂಹ 1724ರಲ್ಲಿ ಕಟ್ಟಿಸಿದ್ದು. ಕೆಂಪು ಬಣ್ಣದ, ಮೆಟ್ಟಿಲಿನ ದೊಡ್ಡ ತ್ರಿಕೋನದ ಹೆಸರು ಸಮ್ರಾಟ್ ಯಂತ್ರ. ಅದು ಗಡಿಯಾರ, ಅದರ ಮುಳ್ಳು ನೆರಳು. ಮಕ್ಕಳನ್ನು ಎದುರಿಗೆ ಕೂರಿಸಿ, ಒಂದು ಕಲೆಯನ್ನು ಗುರುತಿಟ್ಟುಕೊಂಡು ನೋಡುತ್ತಿರಿ ಎಂದರೆ ಸಾಕು. ಗಲಾಟೆ ಮಾಡದೆ ಕೂರುತ್ತಾರೆ. ನೆರಳು ಸರಿಯುವುದು ಕಣ್ಣಿಗೇ ಕಾಣುತ್ತದೆ. ಭೂಮಿ ತಿರುಗುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿ ಉರು ಹೊಡೆದಿದ್ದೆ. ಕಣ್ಣಾರೆ ಕಂಡದ್ದು ನಲವತ್ತು ದಾಟಿದ ಮೇಲೆ, ಮಕ್ಕಳ ಪಕ್ಕದಲ್ಲಿ ಕಲ್ಲಿನ ಕಟ್ಟೆಯ ಮೇಲೆ ಕಡಲೆಕಾಯಿ ಬಿಡಿಸುತ್ತ.

ಇಂಡಿಯಾ ಗೇಟು ಎಲ್ಲರಿಗೂ ಗೊತ್ತು. 42 ಮೀಟರ್ ಎತ್ತರದ ಕಮಾನು, ಸುತ್ತ ಹುಲ್ಲುಹಾಸು, ಪಕ್ಕದಲ್ಲಿ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕ. ಆದರೆ ಜನವರಿಯಲ್ಲಿ ಗಣರಾಜ್ಯೋತ್ಸವದ ಕವಾಯತಿನ ತಾಲೀಮಿಗಾಗಿ ರಸ್ತೆಗಳನ್ನು ಮುಚ್ಚುತ್ತಾರೆ. ನಾವು ಒಂದು ಸಲ ಬುತ್ತಿ ಹೊತ್ತುಕೊಂಡು ಹೋಗಿ, ಪೊಲೀಸಿನವರಿಗೆ ಸಲಾಮು ಹೊಡೆದು, ಆಟೋದಲ್ಲೇ ಊಟ ಮಾಡಿ ಬಂದೆವು. ಫೆಬ್ರವರಿಯಲ್ಲಿ ಹೋಗಿ. ಚಳಿಯೂ ಹಿತವಾಗಿರುತ್ತದೆ, ಹೂವೂ ಇರುತ್ತದೆ. ರಾಷ್ಟ್ರಪತಿ ಭವನದ ತೋಟವನ್ನೂ ಆ ಹೊತ್ತಿಗೇ ಜನರಿಗೆ ತೆರೆಯುತ್ತಾರೆ. ನಾವೆಲ್ಲ ಮೊಘಲ್ ಗಾರ್ಡನ್ ಎನ್ನುತ್ತಿದ್ದುದಕ್ಕೆ 2023ರಿಂದ ಅಮೃತ ಉದ್ಯಾನ ಎಂದು ಹೆಸರು.

ಇನ್ನು ನಾನು ಮರೆಯಲಾರದ ಜಾಗ. ಹುಮಾಯೂನನ ಗೋರಿಯ ಪಕ್ಕದ ಸುಂದರ್ ನರ್ಸರಿ. ಗೋರಿಯನ್ನು ಕಟ್ಟಿಸಿದ್ದು ಬಾದಶಹನ ಹೆಂಡತಿ, ಗಂಡ ಸತ್ತ ಮೇಲೆ. 1993ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪಕ್ಕದ ನರ್ಸರಿ ಬ್ರಿಟಿಷರ ಕಾಲದಲ್ಲಿ ಗಿಡ ಬೆಳೆಸುತ್ತಿದ್ದ ಜಾಗ. ಬಹಳ ವರ್ಷ ಕಾಡಾಗಿತ್ತಂತೆ. ದುರಸ್ತಿ ಮಾಡಿ 2018ರಲ್ಲಿ ಜನರಿಗೆ ತೆರೆದರು. ತೊಂಬತ್ತು ಎಕರೆ. ನಡುವೆ ನೀರಿನ ಕಾಲುವೆ, ಹಳೆಯ ಗುಮ್ಮಟಗಳು, ಮರಗಳು, ಚಾಪೆ ಹಾಸಿಕೊಂಡು ಕೂರುವ ಸಂಸಾರಗಳು. ದಿಲ್ಲಿಯವರು ಚಳಿಗಾಲದಲ್ಲಿ ಹೇಗೆ ಬದುಕುತ್ತಾರೆ ಎಂದು ನೋಡಬೇಕಾದರೆ ಅಲ್ಲಿಗೆ ಹೋಗಬೇಕು. ಒಬ್ಬರು ಕಿನ್ನೂ ಸುಲಿಯುತ್ತಾರೆ, ಒಬ್ಬರು ಗಜಕ್ ಮುರಿಯುತ್ತಾರೆ, ಅಜ್ಜಿಯರು ಮೊಮ್ಮಕ್ಕಳ ಬೆನ್ನಿಗೆ ಬಿಸಿಲು ಬೀಳುವಂತೆ ತಿರುಗಿಸಿ ಕೂರಿಸುತ್ತಾರೆ.

2024ರ ಫೆಬ್ರವರಿಯ ಒಂದು ಭಾನುವಾರ. ಗಾಳಿಯ ಅಂಕ 200ರ ಒಳಗೇ ಇತ್ತು. ಎಲ್ಲ ಸರಿಯಾಗಿ ನೋಡಿಯೇ ಹೊರಟಿದ್ದೆವು. ಊಟವಾಯಿತು. ಪುಟ್ಟಿ ಪಕ್ಕದ ಚಾಪೆಯ ಹುಡುಗಿಯ ಜೊತೆ ಹಿಡಿಯೋ ಆಟ ಶುರು ಮಾಡಿದಳು. ಎರಡು ಸಲ "ಓಡಬೇಡ್ವೇ" ಎಂದೆ. ಮೂರನೇ ಸಲ ಹೇಳುವಷ್ಟರಲ್ಲಿ ಅವಳೇ ನಿಂತಳು. ಎದೆಯ ಮೇಲೆ ಕೈ. ಅದೇ ಸೀಟಿ.

ನನಗೆ ಆ ರಾತ್ರಿಯ ಆಸ್ಪತ್ರೆ ಕಣ್ಣ ಮುಂದೆ ಬಂತು. ಚೀಲದ ಜಿಪ್ಪು ಎಳೆಯಲು ಹೋದರೆ ಕೈ ನಡುಗಿ ಬರುತ್ತಿಲ್ಲ. ನಮ್ಮವರು ಆಟೋ ಕರೆಯಲು ಗೇಟಿನ ಕಡೆ ಓಡಿದರು. ಮಗ ನನ್ನ ಕೈಯಿಂದ ಚೀಲ ಕಿತ್ತುಕೊಂಡು, ಅದರೊಳಗಿನ ಪಂಪು ತೆಗೆದು, ಉದ್ದ ಡಬ್ಬಿಗೆ ಸಿಕ್ಕಿಸಿ, ತಂಗಿಯ ಕೈಗೆ ಕೊಟ್ಟ. ಅವಳು ನೆಟ್ಟಗೆ ಕುಳಿತು, ಡಾಕ್ಟರು ಕಲಿಸಿದ ಹಾಗೆ ಅಲ್ಲಾಡಿಸಿ, ಬಾಯಿಗಿಟ್ಟು, ನಿಧಾನವಾಗಿ ಎಳೆದುಕೊಂಡಳು. ಬೆರಳು ಮಡಿಸಿ ಎಣಿಸಿದಳು. ಮತ್ತೊಂದು ಸಲ. ಅತ್ತೆಯವರು ಹಿಂದೆ ಕುಳಿತು ಬೆನ್ನಿಗೆ ಆಸರೆಯಾಗಿ ಒಂದೇ ಮಾತು ಹೇಳುತ್ತಿದ್ದರು. "ಏನಿಲ್ಲ ಕಂದ, ನಿಧಾನ, ಏನಿಲ್ಲ." ಪಕ್ಕದ ಚಾಪೆಯ ಹೆಂಗಸು ಬಂದು ನೀರು ಕೊಟ್ಟು, ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತರು.

ಹತ್ತು ನಿಮಿಷ. ಗಡಿಯಾರದಲ್ಲಿ ಹತ್ತು, ನನ್ನ ಲೆಕ್ಕದಲ್ಲಿ ಎಷ್ಟೋ. ಸೀಟಿ ಕಡಿಮೆಯಾಯಿತು. ಕೆನ್ನೆಗೆ ಬಣ್ಣ ಬಂತು. ಆಟೋ ತಂದು ಓಡೋಡಿ ಬಂದ ಅಪ್ಪನನ್ನು ನೋಡಿ ಪುಟ್ಟಿ, "ಅಪ್ಪ, ಶಕರ್‌ಕಂದಿ ತರಕ್ಕೆ ಹೋಗಿದ್ರಾ?" ಎಂದಳು.

ಕೆಂಡದಲ್ಲಿ ಸುಟ್ಟ ಗೆಣಸನ್ನು ಹೆಚ್ಚಿ, ನಿಂಬೆರಸ, ಮಸಾಲೆ ಉದುರಿಸಿ ಕೊಡುತ್ತಾರಲ್ಲ, ಅದಕ್ಕೆ ಇಲ್ಲಿ ಶಕರ್‌ಕಂದಿ ಎನ್ನುತ್ತಾರೆ. ಎಲ್ಲರೂ ನಕ್ಕೆವು. ನಾನು ಮಾತ್ರ ಆ ಕಡೆ ತಿರುಗಿ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಇನ್ನೂ ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಕುಳಿತು, ನಿಧಾನವಾಗಿ ಮನೆಗೆ ಬಂದೆವು. ದಾರಿಯಲ್ಲಿ ಗೇಟಿನ ಹೊರಗೆ ಗೆಣಸೂ ಆಯಿತು. ಮಾರನೆಯ ದಿನ ಡಾಕ್ಟರಿಗೆ ತೋರಿಸಿದೆವು. "ಮಗು ಹೆದರಲಿಲ್ಲವಲ್ಲ, ಅದೇ ಅರ್ಧ ಔಷಧ" ಎಂದರು.

ಸತ್ತು ಹೋಗ್ತೀನಾ ಎಂದು ಕೇಳಿದ್ದ ಮಗು ತನ್ನ ಉಸಿರನ್ನು ತಾನೇ ಎಣಿಸಿಕೊಂಡು ಗೆಣಸು ಕೇಳಿತಲ್ಲ! ಮನೆಯೊಳಗೆ ಮುಚ್ಚಿಟ್ಟಿದ್ದರೆ ಅವಳು ಇದನ್ನು ಯಾವಾಗ ಕಲಿಯುತ್ತಿದ್ದಳು? ನಾನು ಯಾವಾಗ ಕಲಿಯುತ್ತಿದ್ದೆ?

ಈಗ ನಮ್ಮ ಮನೆಯಲ್ಲಿ ಚಳಿಗಾಲದ ಚೀಲ ಎಂದೇ ಒಂದಿದೆ. ನವೆಂಬರಿನಲ್ಲಿ ಸಿದ್ಧವಾದರೆ ಫೆಬ್ರವರಿ ಮುಗಿಯುವವರೆಗೆ ಬಾಗಿಲ ಮೊಳೆಗೇ ನೇತಾಡುತ್ತದೆ. ಪಂಪು, ಅದರ ಡಬ್ಬಿ, ಡಾಕ್ಟರ ಚೀಟಿ ಎಲ್ಲಕ್ಕಿಂತ ಮೇಲೆ, ಜಿಪ್ಪಿಲ್ಲದ ಜೇಬಿನಲ್ಲಿ (ಜಿಪ್ಪಿನ ಪಾಠ ಕಲಿತಾಗಿದೆ). ಮಾಸ್ಕು, ಬಿಸಿನೀರಿನ ಫ್ಲಾಸ್ಕು, ಚಾಪೆ. ಒಂದು ದಪ್ಪ ಸ್ವೆಟರಿನ ಬದಲು ತೆಳುವಾದ ಎರಡು ಮೂರು ಬಟ್ಟೆ ಒಂದರ ಮೇಲೊಂದು ಹಾಕಿ. ಬಿಸಿಲೇರಿದರೆ ಒಂದೊಂದೇ ತೆಗೆಯಬಹುದು. ಬೆವರಿದ ಮೈಗೆ ಸಂಜೆಯ ಚಳಿ ತಗುಲುವುದಿಲ್ಲ. ಮಕ್ಕಳ ಜೇಬಿನಲ್ಲಿ ಮನೆಯ ಫೋನ್ ನಂಬರಿನ ಚೀಟಿ ಮರೆಯಬೇಡಿ.

ಬುತ್ತಿಗೆ ನನ್ನದು ಬಟಾಣಿ ಅಕ್ಕಿರೊಟ್ಟಿ. ಊರಿನಲ್ಲಿ ಈ ದಿನಗಳಲ್ಲಿ ಸೊಗಡಿನ ಅವರೆಕಾಯಿ. ಇಲ್ಲಿ ಅದಕ್ಕೆ ಬಾಯಿ ಬಿಟ್ಟು ಕುಳಿತರೆ ಆಗುತ್ತದೆಯೇ? ಚಳಿಗಾಲದ ದಿಲ್ಲಿಯಲ್ಲಿ ಎಳೆ ಬಟಾಣಿ ರಾಶಿ ರಾಶಿ. ಸಬ್ಬಸಿಗೆ ಸೊಪ್ಪನ್ನು ಇಲ್ಲಿ "ಸೋಯಾ" ಎಂದು ಕೇಳಬೇಕು, ಇದನ್ನು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು! ಎರಡು ಲೋಟ ಅಕ್ಕಿಹಿಟ್ಟಿಗೆ ಒಂದು ಲೋಟ ಬೇಯಿಸಿ ಅರೆಬರೆ ಹಿಚುಕಿದ ಬಟಾಣಿ, ಒಂದು ಹಿಡಿ ಸಬ್ಬಸಿಗೆ, ಸ್ವಲ್ಪ ಕೊತ್ತಂಬರಿ, ಎರಡು ಹಸಿಮೆಣಸಿನಕಾಯಿ, ಅರ್ಧ ಲೋಟ ತೆಂಗಿನತುರಿ, ಜೀರಿಗೆ, ಉಪ್ಪು. ಒಂದು ಚಮಚ ಎಣ್ಣೆ ಹಾಕಿ ಬಿಸಿನೀರಿನಲ್ಲೇ ಕಲೆಸಿ. ತಣ್ಣೀರಿನಲ್ಲಿ ಕಲೆಸಿದರೆ ಆರಿದ ಮೇಲೆ ಬಿರುಸಾಗುತ್ತದೆ. ಕಾವಲಿಯ ಮೇಲೆ ತೆಳ್ಳಗೆ ತಟ್ಟಿ ಬೇಯಿಸಿ, ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರೆ ಮೂರು ಗಂಟೆಗೂ ಮೆತ್ತಗಿರುತ್ತದೆ. ಜೊತೆಗೆ ಹುರಿಗಡಲೆ ಚಟ್ನಿಪುಡಿ. ಸುಂದರ್ ನರ್ಸರಿಯಲ್ಲಿ ನನಗೆ ನೀರು ಕೊಟ್ಟ ಹೆಂಗಸಿಗೆ ಎರಡು ರೊಟ್ಟಿ ಕೊಟ್ಟೆ. ಅವರು ಹೇಗೆ ಮಾಡುವುದೆಂದು ಕೇಳಿ, ಬರೆದುಕೊಂಡು ಹೋದರು.

ಒಂದು ಮಾತು. ಕೆಟ್ಟ ಗಾಳಿಯ ದಿನಗಳಲ್ಲಿ ಮಕ್ಕಳು ಎಷ್ಟೇ ಅತ್ತರೂ ಕರಗಬೇಡಿ. ಜನವರಿ 13ರಂದು ಲೋಹ್ಡಿ ಹಬ್ಬಕ್ಕೆ ನಮ್ಮ ಬೀದಿಯಲ್ಲಿ ದೊಡ್ಡ ಬೆಂಕಿ ಹಾಕಿ ಹಾಡಿ ಕುಣಿಯುತ್ತಾರೆ. ಪುಟ್ಟಿ ಅದನ್ನು ಕಿಟಕಿಯ ಗಾಜಿನೊಳಗಿಂದಲೇ ನೋಡುವುದು. ಆಂಟಿಯರು ರೇವಡಿ, ಕಡಲೆಕಾಯಿಯನ್ನು ಮೇಲಕ್ಕೇ ಕಳಿಸುತ್ತಾರೆ. ಎರಡು ದಿನದೊಳಗೆ ನಮ್ಮ ಸಂಕ್ರಾಂತಿ. ಪುಟ್ಟಿ ಎಳ್ಳುಬೆಲ್ಲದ ತಟ್ಟೆ ಹಿಡಿದು ಮಧ್ಯಾಹ್ನದ ಬಿಸಿಲಲ್ಲಿ ಮನೆಮನೆಗೂ ಹೋಗಿ ಋಣ ತೀರಿಸಿ ಬರುತ್ತಾಳೆ.

2024ರ ನವೆಂಬರಿನಲ್ಲಿ ಗಾಳಿ ಮತ್ತೆ ಬಹಳ ಕೆಟ್ಟು, ಶಾಲೆಗಳು ಮನೆಯಿಂದಲೇ ಪಾಠ ಮಾಡಿದವು. ಆಗ ನಮ್ಮವರು ಒಂದು ರಾತ್ರಿ, "ಬೆಂಗಳೂರಿಗೆ ವರ್ಗ ಕೇಳ್ಲೇನೇ?" ಎಂದರು. ಮಕ್ಕಳ ಸಲುವಾಗಿ ದಿಲ್ಲಿ ಬಿಟ್ಟುಹೋದ ಎರಡು ಸಂಸಾರ ನಮಗೇ ಗೊತ್ತು. ಅವರು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಪುಟ್ಟಿಯ ಎದೆಯಲ್ಲಿ ಸೀಟಿ ಕೇಳಿದ ರಾತ್ರಿ ನಾನೇ ಪೆಟ್ಟಿಗೆ ಕಟ್ಟಲು ಕುಳಿತವಳು. "ಅರ್ಜಿ ಹಾಕಿಡಿ ರೀ, ಕೊಟ್ಟಾಗ ಹೋಗೋಣ. ಕೊಡೋವರೆಗೆ ಇಲ್ಲೂ ಬದುಕ್ಬೇಕಲ್ಲ" ಎಂದೆ. ಅರ್ಜಿ ಹೋಗಿದೆ. ಉತ್ತರ ಬಂದಿಲ್ಲ.

ನಮ್ಮ ಅಡುಗೆಮನೆಯ ಗೋಡೆಗೆ ಊರಿನಿಂದ ತಂದ ಕ್ಯಾಲೆಂಡರ್ ಇದೆ. ನಾವು ಹೊರಗೆ ಹೋಗಿ ಬಂದ ಪ್ರತಿ ದಿನಕ್ಕೂ ಅತ್ತೆಯವರು ಅದರಲ್ಲಿ ಒಂದು ಕುಂಕುಮದ ಚುಕ್ಕೆ ಇಡುತ್ತಾರೆ. ಕಳೆದ ಚಳಿಗಾಲದ ನಾಲ್ಕು ತಿಂಗಳಲ್ಲಿ ಒಂಬತ್ತು ಚುಕ್ಕೆ. ನಾಲ್ಕು ತಿಂಗಳಿಗೆ ಒಂಬತ್ತೇ ದಿನವೇ ಎಂದು ನೀವು ಮರುಗಬಹುದು. ನಮಗೆ ಆ ಒಂಬತ್ತರಲ್ಲಿ ಒಂದೊಂದು ದಿನವೂ ಯಾವ ಜಾಗ, ಯಾರು ಏನು ತಿಂದರು, ಯಾರು ಏನೆಂದರು ಎಂಬುದೆಲ್ಲ ಬಾಯಿಪಾಠ. ವರ್ಷವಿಡೀ ಬಿಸಿಲಿದ್ದ ಊರಿನಲ್ಲಿ ಬೆಳೆದ ನನಗೆ ಹಾಗೆ ನೆನಪಿರುವ ಬಿಸಿಲು ಎಷ್ಟು ದಿನದ್ದು?

ಫ್ಲಾಸ್ಕು ತೊಳೆದು ಬೋರಲು ಹಾಕಿದ್ದೇನೆ. ಚೀಲ ಮೊಳೆಯಲ್ಲಿದೆ. ಇನ್ನು ಪುಟ್ಟಿ ಬಾಲ್ಕನಿಯಿಂದ ಕೂಗುವುದೊಂದೇ ಬಾಕಿ.